ಕೈಗಾರಿಕಾ ಸ್ಥಳಗಳಲ್ಲಿ ವಿಕಿರಣಶೀಲ ಮೂಲ ಕಾಣೆಯಾದಾಗ: ಸಾರ್ವಜನಿಕರು ಹಾಗೂ ಅರ್ಜಿದಾರರು ತಿಳಿದಿರಬೇಕಾದ ವಿಷಯಗಳು

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಸಾರ್ವಜನಿಕರ ಅವಗಾಹನೆಗಾಗಿ

1. ಪೀಠಿಕೆ

ಕಾರ್ಖಾನೆ, ಕಾಮಗಾರಿ ಸ್ಥಳ, ಆಸ್ಪತ್ರೆ ಮತ್ತು ಪ್ರಯೋಗಾಲಯಗಳಲ್ಲಿ ವಿಕಿರಣಶೀಲ ವಸ್ತುಗಳನ್ನು ಉಪಯುಕ್ತ ಕೆಲಸಗಳಿಗೆ ಬಳಸಲಾಗುತ್ತದೆ. ಲೆಕ್ಕದಲ್ಲಿಟ್ಟು, ಬೀಗದೊಳಗಿಟ್ಟು, ತರಬೇತಿ ಪಡೆದವರ ಕೈಯಲ್ಲಿರುವವರೆಗೆ ಇವುಗಳಿಂದ ಸಾರ್ವಜನಿಕರಿಗೆ ತೊಂದರೆಯಿಲ್ಲ. ಲೆಕ್ಕ ತಪ್ಪಿ ಗುಜರಿ ಅಂಗಡಿಗೋ, ರಸ್ತೆ ಬದಿಗೋ, ಮನೆಯೊಳಗೋ ಸೇರಿದಾಗ ಇವೇ ವಸ್ತುಗಳು ಪ್ರಾಣಕ್ಕೆ ಎರವಾಗುತ್ತವೆ.

ಕರಿಕಲ್ಲು ಗಣಿ, ಸಕ್ಕರೆ ಮತ್ತು ರೇಷ್ಮೆಗೆ ಹೆಸರಾದ ಈ ಭಾಗದ ಜನರಿಗೆ ಈ ವಿಷಯವೇಕೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದಾಗಿ, ಬೆಂಗಳೂರಿನಿಂದ ಕೊಳ್ಳೇಗಾಲ, ಚಾಮರಾಜನಗರ ಮಾರ್ಗವಾಗಿ ಕೊಯಮತ್ತೂರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಯಂತ್ರೋಪಕರಣಗಳೂ ಹಳೆಯ ಕಬ್ಬಿಣವೂ ಸಾಗಾಟವಾಗುತ್ತವೆ. ಎರಡನೆಯದಾಗಿ, ಈ ತಾಲ್ಲೂಕುಗಳ ಅನೇಕ ಕುಟುಂಬಗಳು ಕೂಲಿಗಾಗಿ ಬೆಂಗಳೂರು, ಮೈಸೂರು ಹಾಗೂ ತಮಿಳುನಾಡಿನ ಕಡೆಗೆ ಹೋಗಿ, ಕಾರ್ಖಾನೆ ಮತ್ತು ಕಾಮಗಾರಿ ಸ್ಥಳಗಳಲ್ಲಿ ದುಡಿಯುತ್ತವೆ. ಮೂರನೆಯದಾಗಿ, ಗುಜರಿ ವ್ಯಾಪಾರ, ಹಳೆಯ ಯಂತ್ರಗಳ ಖರೀದಿ ಮತ್ತು ಎಕ್ಸ್-ರೇ ಕೇಂದ್ರಗಳು ನಮ್ಮ ಪಟ್ಟಣಗಳಲ್ಲಿಯೂ ಇವೆ. ಆದುದರಿಂದ ಉದ್ಯಮ ಅಥವಾ ವ್ಯಾಪಾರ ಸಂಬಂಧ ಅರ್ಜಿ ಸಲ್ಲಿಸುವವರೂ ಇತರ ಸಾರ್ವಜನಿಕರೂ ಈ ಕೆಳಕಂಡ ವಿವರಗಳನ್ನು ಓದಿಕೊಳ್ಳುವುದು ಒಳಿತು.

2. ವಿಕಿರಣಶೀಲ ಮೂಲ ಎಂದರೇನು?

ಕೆಲವು ಧಾತುಗಳ ಪರಮಾಣುಗಳು ತಾವಾಗಿಯೇ ಒಡೆಯುತ್ತಾ, ಕಣ್ಣಿಗೆ ಕಾಣದ ಕಿರಣಗಳನ್ನು ಹೊರಸೂಸುತ್ತವೆ. ಇಂತಹ ಧಾತುವನ್ನು ಉಕ್ಕಿನ ಸಣ್ಣ ಕೋಶದೊಳಗೆ ಭದ್ರವಾಗಿ ಮುಚ್ಚಿ ಬೆಸುಗೆ ಹಾಕಿದರೆ ಅದನ್ನು ಮೊಹರಾದ ವಿಕಿರಣಶೀಲ ಮೂಲ ಎಂದು ಕರೆಯುತ್ತಾರೆ. ಕೋಶವು ಅನೇಕ ವೇಳೆ ಬೆರಳಿನ ತುದಿಯಷ್ಟೇ ಇರುತ್ತದೆ. ಅದನ್ನು ಸೀಸ, ಟಂಗ್‌ಸ್ಟನ್ ಮುಂತಾದ ಭಾರ ಲೋಹದ ಕವಚದೊಳಗೆ ಇರಿಸಲಾಗುತ್ತದೆ.

ಕೈಗಾರಿಕೆಗಳಲ್ಲಿ ಇವುಗಳ ಮುಖ್ಯ ಉಪಯೋಗಗಳು ಹೀಗಿವೆ:

(ಅ) ಬಾಯ್ಲರ್, ಕೊಳವೆ ಹಾಗೂ ಉಕ್ಕಿನ ತೊಟ್ಟಿಗಳ ಬೆಸುಗೆಯಲ್ಲಿ ಬಿರುಕುಗಳಿವೆಯೇ ಎಂದು ಚಿತ್ರ ತೆಗೆದು ನೋಡುವುದು. ಇದನ್ನು ಕೈಗಾರಿಕಾ ರೇಡಿಯೋಗ್ರಫಿ ಎನ್ನುತ್ತಾರೆ. ಇದಕ್ಕೆ ಹೆಚ್ಚಾಗಿ ಇರಿಡಿಯಂ-192 ಬಳಕೆಯಾಗುತ್ತದೆ.

(ಆ) ಸಿಮೆಂಟ್, ಉಕ್ಕು, ಕಾಗದ, ಅದಿರು ಹಾಗೂ ವಿದ್ಯುತ್ ಸ್ಥಾವರಗಳಲ್ಲಿ ತೊಟ್ಟಿಯ ಒಳಗಿನ ಮಟ್ಟ, ಹಾಳೆಯ ದಪ್ಪ ಅಥವಾ ದ್ರವದ ಸಾಂದ್ರತೆಯನ್ನು ಹೊರಗಿನಿಂದಲೇ ಅಳೆಯುವುದು. ಇದಕ್ಕೆ ಬಳಸುವ ಮಾಪಕಗಳಲ್ಲಿ ಸೀಸಿಯಂ-137 ಅಥವಾ ಕೋಬಾಲ್ಟ್-60 ಇರುತ್ತದೆ.

(ಇ) ವೈದ್ಯಕೀಯ ಸಾಮಗ್ರಿಗಳ ಕ್ರಿಮಿನಾಶನ, ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನೆ.

ಇಲ್ಲಿ ಒಂದು ಸ್ಪಷ್ಟೀಕರಣ ಅಗತ್ಯ. ಎಕ್ಸ್-ರೇ ಯಂತ್ರದಲ್ಲಿ ವಿಕಿರಣಶೀಲ ಮೂಲವಿರುವುದಿಲ್ಲ. ವಿದ್ಯುತ್ ನಿಂತ ಕೂಡಲೇ ಅದರ ಕಿರಣಗಳೂ ನಿಲ್ಲುತ್ತವೆ. ಮೊಹರಾದ ಮೂಲವನ್ನು ಹಾಗೆ ನಿಲ್ಲಿಸಲು ಬರುವುದಿಲ್ಲ; ಅದು ಹಗಲಿರುಳೂ ಕಿರಣಗಳನ್ನು ಸೂಸುತ್ತಲೇ ಇರುತ್ತದೆ. ಅಂತೆಯೇ ಕಲ್ಲು ಮಣ್ಣುಗಳಲ್ಲಿ ಸ್ವಾಭಾವಿಕವಾಗಿರುವ ಅತ್ಯಲ್ಪ ವಿಕಿರಣಕ್ಕೂ ಈ ವಿಷಯಕ್ಕೂ ಸಂಬಂಧವಿಲ್ಲ.

3. ಮೂಲವು ಕಾಣೆಯಾಗುವುದು ಹೇಗೆ?

ಕಳ್ಳತನದಿಂದ ಮಾತ್ರ ಮೂಲಗಳು ಕಾಣೆಯಾಗುತ್ತವೆ ಎಂದು ತಿಳಿಯಬಾರದು. ಮರೆವಿನಿಂದಲೂ ದಾಖಲೆಯ ಲೋಪದಿಂದಲೂ ಅವು ಕೈತಪ್ಪುತ್ತವೆ. ಕಾರ್ಖಾನೆ ಮುಚ್ಚಿಹೋಗಿ ಸಿಬ್ಬಂದಿ ಚದುರುತ್ತಾರೆ. ಉಪಕರಣದ ವಿಷಯ ಬಲ್ಲ ಅಧಿಕಾರಿ ನಿವೃತ್ತರಾಗುತ್ತಾರೆ. ದಾಸ್ತಾನು ವಹಿಯಲ್ಲಿ ಕೇವಲ ‘ಹಳೆಯ ಯಂತ್ರ’ ಎಂದು ನಮೂದಾಗುತ್ತದೆ. ಎಚ್ಚರಿಕೆಯ ಫಲಕದ ಬಣ್ಣ ಮಾಸುತ್ತದೆ. ಕೊನೆಗೆ ಒಂದು ದಿನ ಕೋಣೆ ತೆರವು ಮಾಡುವ ಸಲುವಾಗಿ ಎಲ್ಲವನ್ನೂ ಒಟ್ಟಾಗಿ ಹರಾಜು ಹಾಕಲಾಗುತ್ತದೆ. ಭಾರವಾದ ಸೀಸದ ಕವಚವೇ ಗುಜರಿಯವರಿಗೆ ಬೆಲೆಬಾಳುವ ಸರಕಾಗಿ ತೋರುತ್ತದೆ.

4. ದೆಹಲಿಯ ಮಾಯಾಪುರಿ ಪ್ರಕರಣ (2010)

ನಮ್ಮ ದೇಶದಲ್ಲಿ ಈ ಬಗೆಯ ಪ್ರಕರಣಗಳಲ್ಲಿ ಅತ್ಯಂತ ಗಂಭೀರವೆಂದು ದಾಖಲಾಗಿರುವುದು ಪಶ್ಚಿಮ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯ ಘಟನೆ.

ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗವು ಸಂಶೋಧನೆಗಾಗಿ 1968ರಲ್ಲಿ ಕೆನಡಾದಿಂದ ಗಾಮಾಸೆಲ್ ಎಂಬ ಉಪಕರಣವನ್ನು ತರಿಸಿತ್ತು. ಅದರೊಳಗೆ ಕೋಬಾಲ್ಟ್-60 ಇತ್ತು. 1980ರ ದಶಕದಿಂದ ಅದು ಬಳಕೆಯಿಲ್ಲದೆ ಉಳಿಯಿತು. 2010ರ ಫೆಬ್ರವರಿಯಲ್ಲಿ ಅದನ್ನು ಇತರ ಹಳೆಯ ಸಾಮಗ್ರಿಗಳ ಜೊತೆಗೆ ಹರಾಜಿನಲ್ಲಿ ಮಾರಲಾಯಿತು. ಮಾಯಾಪುರಿಯಲ್ಲಿ ಕೆಲಸಗಾರರು ಸೀಸದ ಕವಚವನ್ನು ಬಿಚ್ಚಿದರು. ಒಳಗಿದ್ದ ಲೋಹದ ಸಣ್ಣ ಕಡ್ಡಿಗಳು ಒಂದಕ್ಕಿಂತ ಹೆಚ್ಚು ಅಂಗಡಿಗಳಿಗೆ ಹಂಚಿಹೋದವು. ಒಬ್ಬ ವ್ಯಾಪಾರಿ ಅದರ ತುಂಡೊಂದನ್ನು ತಮ್ಮ ಪರ್ಸಿನಲ್ಲಿಯೇ ಇಟ್ಟುಕೊಂಡಿದ್ದರು.

ಕೆಲವು ದಿನಗಳಲ್ಲಿ ಅಂಗಡಿಯವರಲ್ಲಿ ವಾಂತಿ, ಚರ್ಮ ಕಪ್ಪಾಗುವುದು, ಕೂದಲು ಉದುರುವುದು ಮುಂತಾದ ಲಕ್ಷಣಗಳು ಕಂಡುಬಂದವು. ತಮಗೇನಾಗಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಚಿಕಿತ್ಸೆ ನೀಡುತ್ತಿದ್ದ ಆಸ್ಪತ್ರೆಯ ವೈದ್ಯರು ವಿಕಿರಣದ ಅನುಮಾನ ವ್ಯಕ್ತಪಡಿಸಿ, ಏಪ್ರಿಲ್ ಮೊದಲ ವಾರದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ (ಎ.ಇ.ಆರ್.ಬಿ.) ತಿಳಿಸಿದರು. ತಜ್ಞರ ತಂಡಗಳು ಮಾರುಕಟ್ಟೆಯನ್ನು ಶೋಧಿಸಿ ಮೂಲಗಳನ್ನು ಹೊರತೆಗೆದು, ಉತ್ತರ ಪ್ರದೇಶದ ನರೋರಾ ಅಣು ವಿದ್ಯುತ್ ಕೇಂದ್ರಕ್ಕೆ ಸಾಗಿಸಿದವು. ಚಿಕಿತ್ಸೆಯಲ್ಲಿದ್ದವರ ಪೈಕಿ ಒಬ್ಬ ಕಾರ್ಮಿಕರು ಏಪ್ರಿಲ್ 26ರಂದು ನಿಧನರಾದರು. ವಿಶ್ವವಿದ್ಯಾಲಯಕ್ಕೆ ವಿಕಿರಣ ಮೂಲಗಳನ್ನು ಬಳಸಲು ಇದ್ದ ಅನುಮತಿಯನ್ನು ಮಂಡಳಿಯು ಅಮಾನತಿನಲ್ಲಿರಿಸಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೋಬಾಲ್ಟ್-60ರ ತೀವ್ರತೆ ಸುಮಾರು 5.27 ವರ್ಷಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. 1968ರಿಂದ 2010ರವರೆಗಿನ 42 ವರ್ಷಗಳಲ್ಲಿ ಅದು ಎಂಟು ಬಾರಿ ಅರ್ಧವಾಗಿ, ಮೊದಲಿದ್ದುದರ ಸುಮಾರು 250ರಲ್ಲಿ ಒಂದು ಪಾಲು ಮಾತ್ರ ಉಳಿದಿತ್ತು. ಆ ಒಂದು ಪಾಲೇ ಒಂದು ಜೀವವನ್ನು ಬಲಿ ತೆಗೆದುಕೊಂಡಿತು. ‘ಬಹಳ ಹಳೆಯದು, ಇನ್ನೇನೂ ಆಗದು’ ಎಂಬ ಭಾವನೆ ಎಷ್ಟು ತಪ್ಪು ಎಂಬುದಕ್ಕೆ ಇದೇ ನಿದರ್ಶನ.

5. ನಮ್ಮ ರಾಜ್ಯದ ಕೈಗಾ ಪ್ರಕರಣ (2009)

ಉತ್ತರ ಕನ್ನಡ ಜಿಲ್ಲೆಯ ಕೈಗಾ ಅಣು ವಿದ್ಯುತ್ ಕೇಂದ್ರದಲ್ಲಿ 2009ರ ನವೆಂಬರ್‌ನಲ್ಲಿ ನಡೆದ ಘಟನೆಯಲ್ಲಿ ಮೊಹರಾದ ಮೂಲ ಕಾಣೆಯಾಗಿರಲಿಲ್ಲ. ಆದರೂ ವಿಕಿರಣಶೀಲ ವಸ್ತುವಿನ ಕಾವಲು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಅದು ತೋರಿಸಿತು. ಸಿಬ್ಬಂದಿಯ ಮೂತ್ರದ ನಿಯತ ತಪಾಸಣೆಯಲ್ಲಿ ಕೆಲವರ ದೇಹದಲ್ಲಿ ಟ್ರಿಟಿಯಂ ಪ್ರಮಾಣ ಹೆಚ್ಚಾಗಿರುವುದು ತಿಳಿಯಿತು. ಹುಡುಕಿದಾಗ, ಕುಡಿಯುವ ನೀರಿನ ಕೂಲರ್ ಒಂದರಲ್ಲಿ ಟ್ರಿಟಿಯಂ ಬೆರೆತ ಭಾರಜಲ ಸೇರಿರುವುದು ಪತ್ತೆಯಾಯಿತು. ಸ್ಥಾವರದಲ್ಲಿ ಸೋರಿಕೆ ಇರಲಿಲ್ಲ. ಯಾರೋ ಉದ್ದೇಶಪೂರ್ವಕವಾಗಿ ಬೆರೆಸಿರಬೇಕೆಂದು ಅಧಿಕಾರಿಗಳು ತಿಳಿಸಿದರು. ಕೂಲರನ್ನು ಕೂಡಲೇ ಬಳಕೆಯಿಂದ ತೆಗೆಯಲಾಯಿತು ಮತ್ತು ಬಾಧಿತರಿಗೆ ಚಿಕಿತ್ಸೆ ನೀಡಲಾಯಿತು.

ನಿಯತ ತಪಾಸಣೆ ನಡೆಯುತ್ತಿದ್ದುದರಿಂದಲೇ ಅಲ್ಲಿ ವಿಷಯ ಬೇಗ ಹೊರಬಂದಿತು. ಮಾಯಾಪುರಿಯಲ್ಲಿ ಯಾವ ತಪಾಸಣೆಯೂ ಇರಲಿಲ್ಲ. ರೋಗಿಯ ಮೈಮೇಲಿನ ಗಾಯವೇ ಮೊದಲ ಸೂಚನೆಯಾಯಿತು.

6. ಇತರ ದೇಶಗಳ ಅನುಭವ

ಪೆರು ದೇಶದ ಯನಾಂಗೊ ಎಂಬಲ್ಲಿ 1999ರ ಫೆಬ್ರವರಿಯಲ್ಲಿ ಜಲವಿದ್ಯುತ್ ಕಾಮಗಾರಿಯ ಬೆಸುಗೆ ಕೆಲಸಗಾರನೊಬ್ಬನು ನೆಲದ ಮೇಲೆ ಬಿದ್ದಿದ್ದ ಲೋಹದ ತುಂಡನ್ನು ಎತ್ತಿ ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡನು. ಅದು ರೇಡಿಯೋಗ್ರಫಿ ಉಪಕರಣದಿಂದ ಕಳಚಿದ ಇರಿಡಿಯಂ-192. ಅವನು ಅದರೊಡನೆ ಮನೆಗೂ ಹೋದನು. ಉಪಕರಣದವರು ಹುಡುಕಿಕೊಂಡು ಬರುವ ವೇಳೆಗೆ ಕೆಲವು ಗಂಟೆಗಳೇ ಕಳೆದಿದ್ದವು. ಮುಂದೆ ಅವನ ಕಾಲನ್ನೇ ಕತ್ತರಿಸಬೇಕಾಯಿತು.

2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗಣಿಯಿಂದ ಪರ್ತ್ ನಗರಕ್ಕೆ ಲಾರಿಯಲ್ಲಿ ಸಾಗಿಸುತ್ತಿದ್ದ ಮಾಪಕದ ಬೋಲ್ಟ್ ಸಡಿಲವಾಗಿ, 8 ಮಿ.ಮೀ. ಉದ್ದ, 6 ಮಿ.ಮೀ. ವ್ಯಾಸದ ಸೀಸಿಯಂ-137 ಕೋಶ ದಾರಿಯಲ್ಲಿ ಬಿದ್ದುಹೋಯಿತು. ದಾರಿಯ ಉದ್ದ ಸುಮಾರು 1,400 ಕಿ.ಮೀ. ಪೆಟ್ಟಿಗೆಯನ್ನು ತೆರೆದು ನೋಡುವವರೆಗೆ ಯಾರಿಗೂ ತಿಳಿಯಲಿಲ್ಲ. ತಿಳಿದ ಕೂಡಲೇ ಅಲ್ಲಿನ ಸರ್ಕಾರವು ವಿಷಯವನ್ನು ಪ್ರಕಟಿಸಿ, ವಾಹನಗಳಲ್ಲಿ ಮಾಪನ ಯಂತ್ರಗಳನ್ನಿರಿಸಿ ಹುಡುಕಿಸಿತು. ಫೆಬ್ರವರಿ 1ರಂದು ರಸ್ತೆಯ ಅಂಚಿನಿಂದ ಸುಮಾರು 2 ಮೀಟರ್ ದೂರದಲ್ಲಿ ಅದು ದೊರೆಯಿತು. ಯಾರಿಗೂ ಹಾನಿಯಾಗಲಿಲ್ಲ.

ಅದೇ ವರ್ಷ ಮಾರ್ಚ್‌ನಲ್ಲಿ ಥಾಯ್ಲೆಂಡಿನ ಪ್ರಾಚಿನ್‌ಬುರಿ ಪ್ರಾಂತ್ಯದ ವಿದ್ಯುತ್ ಸ್ಥಾವರವೊಂದರಲ್ಲಿ ಸೀಸಿಯಂ-137 ಇದ್ದ ಉಕ್ಕಿನ ಕೊಳವೆ ಕಾಣೆಯಾಗಿರುವುದು ತಿಳಿಯಿತು. ಅದು ಕಾಣೆಯಾಗಿ ವಾರಗಳೇ ಆಗಿದ್ದಿರಬಹುದೆಂದು ನಂತರ ಗೊತ್ತಾಯಿತು. ಅಷ್ಟರಲ್ಲಿ ಲೋಹ ಕರಗಿಸುವ ಕಾರ್ಖಾನೆಯೊಂದರ ಕುಲುಮೆಯ ಧೂಳಿನಲ್ಲಿ ಸೀಸಿಯಂ ಕಂಡುಬಂದಿತು.

ಆಸ್ಟ್ರೇಲಿಯಾದಲ್ಲಿ ಮೂಲವು ಇಡಿಯಾಗಿಯೇ ಸಿಕ್ಕಿತು. ಥಾಯ್ಲೆಂಡಿನಲ್ಲಿ ಸುದ್ದಿ ತಡವಾದುದರಿಂದ ಅದು ಕುಲುಮೆಗೆ ಸೇರಿತ್ತು. ಲೋಹದೊಂದಿಗೆ ಕರಗಿದ ಮೂಲ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ನಮ್ಮ ದೇಶದ ಉದಾಹರಣೆಯೇ ಇದೆ: 2008ರಲ್ಲಿ ಫ್ರಾನ್ಸ್ ದೇಶದಲ್ಲಿ ಲಿಫ್ಟಿನ ಗುಂಡಿಗಳಲ್ಲಿ ಕೋಬಾಲ್ಟ್-60 ಪತ್ತೆಯಾಯಿತು. ಆ ಗುಂಡಿಗಳ ಉಕ್ಕು ಭಾರತದಿಂದ ಹೋದದ್ದಾಗಿತ್ತು.

7. ಅಪಾಯದ ಸ್ವರೂಪ

ವಿಕಿರಣಕ್ಕೆ ಬಣ್ಣ, ವಾಸನೆ, ರುಚಿ, ಶಬ್ದ ಯಾವುದೂ ಇಲ್ಲ. ಮುಟ್ಟಿದಾಗ ಸುಡುವುದಿಲ್ಲ. ಹಾನಿಯ ಪ್ರಮಾಣವು ಮೂರು ಸಂಗತಿಗಳನ್ನು ಅವಲಂಬಿಸಿರುತ್ತದೆ: ಎಷ್ಟು ಹೊತ್ತು ಹತ್ತಿರವಿದ್ದೆವು, ಎಷ್ಟು ದೂರದಲ್ಲಿದ್ದೆವು, ನಡುವೆ ಏನು ಅಡ್ಡವಿತ್ತು.

ಇವುಗಳಲ್ಲಿ ದೂರವೇ ಸಾಮಾನ್ಯ ಜನರ ಕೈಯಲ್ಲಿರುವ ರಕ್ಷಣೆ. ದೂರ ಎರಡು ಪಟ್ಟಾದರೆ ತೀವ್ರತೆ ನಾಲ್ಕನೇ ಒಂದಕ್ಕೆ, ಹತ್ತು ಪಟ್ಟಾದರೆ ನೂರನೇ ಒಂದಕ್ಕೆ ಇಳಿಯುತ್ತದೆ. ಹತ್ತಿರವಾದಂತೆ ಅದೇ ಲೆಕ್ಕದಲ್ಲಿ ಏರುತ್ತದೆ. ಆಸ್ಟ್ರೇಲಿಯಾದ ಕೋಶದಿಂದ 1 ಮೀಟರ್ ದೂರದಲ್ಲಿ ಒಂದು ಗಂಟೆ ನಿಂತವರಿಗೆ ಸುಮಾರು 2 ಮಿಲಿಸೀವರ್ಟ್ ವಿಕಿರಣ ತಗಲುತ್ತಿತ್ತು. ಸಾರ್ವಜನಿಕರಿಗೆ ಇಡೀ ವರ್ಷಕ್ಕೆ ನಿಗದಿಯಾದ ಮಿತಿಯೇ 1 ಮಿಲಿಸೀವರ್ಟ್. ಅದೇ ಕೋಶ ಜೇಬಿನಲ್ಲಿದ್ದು ಚರ್ಮದಿಂದ 1 ಸೆಂ.ಮೀ. ದೂರದಲ್ಲಿದ್ದರೆ, ಆ ಜಾಗಕ್ಕೆ ತಗಲುವ ಪ್ರಮಾಣ ಸುಮಾರು ಹತ್ತು ಸಾವಿರ ಪಟ್ಟಾಗುತ್ತದೆ. ಎತ್ತಿ ಜೇಬಿಗೆ ಹಾಕಿಕೊಂಡವರೇ ಹೆಚ್ಚು ಬಾಧೆಗೊಳಗಾಗುವುದು ಈ ಕಾರಣದಿಂದ.

ಕೋಶವು ಮುರಿಯದೆ ಇದ್ದಲ್ಲಿ, ಅದರ ಹತ್ತಿರ ಹೋಗಿ ಬಂದವರ ಮೈ ಅಥವಾ ಬಟ್ಟೆ ವಿಕಿರಣಶೀಲವಾಗುವುದಿಲ್ಲ. ಅವರಿಂದ ಇತರರಿಗೆ ಏನೂ ಅಂಟುವುದಿಲ್ಲ. ಆದರೆ ಕೋಶವನ್ನು ಒಡೆದರೆ, ಕೊರೆದರೆ ಅಥವಾ ಕರಗಿಸಿದರೆ ಒಳಗಿನ ಪುಡಿ ಹೊರಬಂದು ಕೈ, ಬಟ್ಟೆ, ಊಟದ ಮೂಲಕ ಹರಡುತ್ತದೆ. ಬ್ರೆಜಿಲ್‌ನ ಗೊಯಾನಿಯಾ ನಗರದಲ್ಲಿ 1987ರಲ್ಲಿ ಪಾಳುಬಿದ್ದ ಚಿಕಿತ್ಸಾಲಯದಿಂದ ತೆಗೆದ ಸೀಸಿಯಂ ಮೂಲವನ್ನು ಗುಜರಿಗಾಗಿ ಒಡೆದಾಗ ಹಾಗೆಯೇ ಆಯಿತು. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದ್ದ ಆ ಪುಡಿಯನ್ನು ಜನರು ಬೆರಗಿನಿಂದ ಬಂಧುಗಳಿಗೂ ಹಂಚಿದರು. ಒಂದು ಮಗುವೂ ಸೇರಿದಂತೆ ನಾಲ್ವರು ಮೃತಪಟ್ಟರು.

8. ಗುರುತಿಸುವುದು ಹೇಗೆ?

(ಅ) ಹಳದಿ ಹಿನ್ನೆಲೆಯಲ್ಲಿ ನಡುವೆ ಒಂದು ಚುಕ್ಕೆ, ಸುತ್ತ ಮೂರು ದಳಗಳಿರುವ ಚಿಹ್ನೆ.

(ಆ) 2007ರಿಂದ ಬಂದಿರುವ, ಕೆಂಪು ತ್ರಿಕೋನದೊಳಗೆ ಕಿರಣಗಳು, ತಲೆಬುರುಡೆ ಹಾಗೂ ಓಡುತ್ತಿರುವ ಮನುಷ್ಯನ ಚಿತ್ರವಿರುವ ಚಿಹ್ನೆ. ಇದನ್ನು ಓದು ಬಾರದವರಿಗೂ ತಿಳಿಯುವಂತೆ ರೂಪಿಸಲಾಗಿದೆ.

(ಇ) ಗಾತ್ರಕ್ಕೆ ಮೀರಿದ ತೂಕ. ಸಣ್ಣ ಡಬ್ಬಿಯೊಂದನ್ನು ಎತ್ತಲು ಇಬ್ಬರು ಬೇಕಾದರೆ ಅದರೊಳಗೆ ಸೀಸ ಅಥವಾ ಅದಕ್ಕಿಂತ ಭಾರವಾದ ಲೋಹವಿರಬಹುದು.

(ಈ) ಕೋಬಾಲ್ಟ್, ಸೀಸಿಯಂ, ಇರಿಡಿಯಂ ಎಂಬ ಹೆಸರುಗಳನ್ನು ಕೊರೆದಿರುವ ಲೋಹದ ಪಟ್ಟಿ.

ಚಿಹ್ನೆ ಕಾಣದಿದ್ದ ಮಾತ್ರಕ್ಕೆ ವಸ್ತುವು ಸುರಕ್ಷಿತವೆಂದು ಭಾವಿಸತಕ್ಕದ್ದಲ್ಲ.

9. ಅನುಮಾನಾಸ್ಪದ ವಸ್ತು ಕಂಡಲ್ಲಿ ಸಾರ್ವಜನಿಕರು ಮಾಡಬೇಕಾದುದು

(1) ಮುಟ್ಟಬಾರದು, ಎತ್ತಬಾರದು, ಒಡೆಯಬಾರದು, ಜೇಬಿಗೆ ಹಾಕಬಾರದು, ಮನೆಗೆ ಒಯ್ಯಬಾರದು.

(2) ಕೂಡಲೇ ಸಾಧ್ಯವಾದಷ್ಟು ದೂರ ಸರಿದು, ಮಕ್ಕಳು ಮತ್ತು ದನಕರುಗಳನ್ನೂ ದೂರವಿರಿಸಬೇಕು. ಸ್ಥಳವನ್ನು ದೂರದಿಂದಲೇ ಕಾಯಬೇಕು.

(3) 112 ಸಂಖ್ಯೆಗೆ ಕರೆ ಮಾಡಿ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು. ತಹಶೀಲ್ದಾರರ ಕಚೇರಿಗೂ ತಿಳಿಸಬಹುದು. ಸ್ಥಳ, ಸಮಯ, ವಸ್ತುವಿನ ಆಕಾರ, ಚಿಹ್ನೆ ಇದ್ದಲ್ಲಿ ಅದರ ವಿವರ, ಯಾರು ಯಾರು ಮುಟ್ಟಿದ್ದಾರೆ ಎಂಬುದನ್ನು ಹೇಳಬೇಕು.

(4) ವಸ್ತುವನ್ನು ಮುಟ್ಟಿದವರು ಕೈಗಳನ್ನು ಸೋಪು ನೀರಿನಿಂದ ತೊಳೆಯಬೇಕು. ತೊಳೆಯುವವರೆಗೆ ತಿನ್ನುವುದು, ಎಲೆಅಡಿಕೆ ಹಾಕಿಕೊಳ್ಳುವುದು, ಬೀಡಿ ಸೇದುವುದು ಬೇಡ. ತೊಟ್ಟ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆಡೆ ಇರಿಸಬೇಕು.

(5) ಎಲ್ಲರೂ ಗುಂಪುಗೂಡಿ ನೋಡಲು ಹೋಗಬಾರದು. ಹತ್ತಿರದಿಂದ ಫೋಟೋ ತೆಗೆಯಬಾರದು.

10. ವೈದ್ಯರಿಗೆ ಹೇಳಬೇಕಾದ ಮಾತು

ಬೆಂಕಿ ತಾಗದೆ ಸುಟ್ಟಂತಹ ಕೆಂಪು ಗಾಯ, ಕಾರಣವಿಲ್ಲದ ವಾಂತಿ, ಒಂದೇ ಭಾಗದಲ್ಲಿ ಕೂದಲು ಉದುರುವುದು ಇವು ವಿಕಿರಣದ ಲಕ್ಷಣಗಳಾಗಿರಬಹುದು. ಗಾಯವು ಅದೇ ದಿನ ಕಾಣಿಸಿಕೊಳ್ಳಬೇಕೆಂದಿಲ್ಲ. ದಿನಗಳು ಅಥವಾ ವಾರಗಳ ನಂತರ ಕಾಣಿಸಬಹುದು. ಗುಜರಿ, ವೆಲ್ಡಿಂಗ್, ಕುಲುಮೆ ಅಥವಾ ಕೊಳವೆ ಕಾಮಗಾರಿಯಲ್ಲಿ ದುಡಿಯುವವರು ಆಸ್ಪತ್ರೆಗೆ ಹೋದಾಗ ತಮ್ಮ ಕೆಲಸ ಯಾವುದು, ಯಾವ ವಸ್ತುವನ್ನು ಮುಟ್ಟಿದ್ದೆವು ಎಂಬುದನ್ನು ವೈದ್ಯರಿಗೆ ತಪ್ಪದೇ ತಿಳಿಸಬೇಕು. ಪರ ಊರಿನಿಂದ ರಜೆಯ ಮೇಲೆ ಬಂದವರೂ ಇದನ್ನು ಮರೆಯಬಾರದು. ವೈದ್ಯರಿಗೆ ಕಾರಣ ತಿಳಿದಷ್ಟು ಬೇಗ ಉಳಿದವರನ್ನೂ ಕಾಪಾಡಬಹುದು.

11. ಅರ್ಜಿದಾರರ ಗಮನಕ್ಕೆ

(ಅ) ಉದ್ಯಮಗಳು: ವಿಕಿರಣಶೀಲ ಮೂಲವಿರುವ ಮಾಪಕ ಅಥವಾ ರೇಡಿಯೋಗ್ರಫಿ ಉಪಕರಣವನ್ನು ಹೊಂದಲು ಸ್ಥಳೀಯ ಸಂಸ್ಥೆಯ ಪರವಾನಗಿ ಸಾಲದು. ಮುಂಬಯಿಯಲ್ಲಿ ಕೇಂದ್ರ ಕಚೇರಿಯುಳ್ಳ, 1983ರಲ್ಲಿ ರಚಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಮಂಡಳಿಯ ಇ-ಲೋರಾ ಎಂಬ ಅಂತರಜಾಲ ವ್ಯವಸ್ಥೆಯ ಮೂಲಕ ಅರ್ಜಿ ಸಲ್ಲಿಸಬಹುದು. ಎಕ್ಸ್-ರೇ ಕೇಂದ್ರ ತೆರೆಯುವವರೂ ಇದೇ ವ್ಯವಸ್ಥೆಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಮೂಲವುಳ್ಳ ಸಂಸ್ಥೆಯಲ್ಲಿ ವಿಕಿರಣ ಸುರಕ್ಷತಾ ಅಧಿಕಾರಿ ಇರಬೇಕು ಹಾಗೂ ಪ್ರತಿ ಮೂಲದ ಲೆಕ್ಕ ಇರಬೇಕು.

(ಆ) ನಷ್ಟದ ವರದಿ: ಮೂಲ ಕಾಣೆಯಾದಲ್ಲಿ ಅಥವಾ ಅಪಘಾತವಾದಲ್ಲಿ 24 ಗಂಟೆಗಳ ಒಳಗಾಗಿ ಸಕ್ಷಮ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 2004ರ ಪರಮಾಣು ಶಕ್ತಿ (ವಿಕಿರಣ ಸಂರಕ್ಷಣೆ) ನಿಯಮಗಳಲ್ಲಿ ವಿಧಿಸಲಾಯಿತು. ‘ನಾವೇ ಹುಡುಕಿ ನೋಡೋಣ’ ಎಂದು ದಿನಗಳನ್ನು ಕಳೆಯುವುದು ಸಲ್ಲದು.

(ಇ) ಕಾರ್ಖಾನೆ ಮುಚ್ಚುವವರು, ಮಾರುವವರು: ಬಳಕೆ ಮುಗಿದ ಮೂಲವನ್ನು ಗುಜರಿಗೆ ಹಾಕುವಂತಿಲ್ಲ, ಹೂಳುವಂತಿಲ್ಲ. ಮಂಡಳಿಯ ಅನುಮತಿ ಪಡೆದು ಸರಬರಾಜು ಮಾಡಿದವರಿಗೆ ಮರಳಿಸಬೇಕು. ಆಸ್ತಿ ಹಸ್ತಾಂತರದ ಪಟ್ಟಿಯಲ್ಲಿ ಇಂತಹ ಉಪಕರಣವನ್ನು ‘ಯಂತ್ರ’ ಎಂದಷ್ಟೇ ಬರೆಯದೆ, ಮೂಲದ ಹೆಸರು ಮತ್ತು ಸಂಖ್ಯೆಯನ್ನು ಸ್ಪಷ್ಟವಾಗಿ ನಮೂದಿಸಬೇಕು.

(ಈ) ಗುಜರಿ ವ್ಯಾಪಾರಿಗಳು ಮತ್ತು ಹರಾಜಿನಲ್ಲಿ ಕೊಳ್ಳುವವರು: ಕಾರ್ಖಾನೆ, ಆಸ್ಪತ್ರೆ ಅಥವಾ ಪ್ರಯೋಗಾಲಯದ ಸಾಮಗ್ರಿ ಕೊಳ್ಳುವಾಗ ಅದರಲ್ಲಿ ವಿಕಿರಣಶೀಲ ಮೂಲವಿಲ್ಲವೆಂದು ಮಾರುವವರಿಂದ ಲಿಖಿತ ಪತ್ರ ಕೇಳಿ ಪಡೆಯುವುದು ಸೂಕ್ತ. ಮೊಹರಾದ ಭಾರವಾದ ಡಬ್ಬಿಯನ್ನು ಗ್ಯಾಸ್ ಕಟ್ಟರ್‌ನಿಂದ ಕತ್ತರಿಸಬಾರದು, ಸುತ್ತಿಗೆಯಿಂದ ಒಡೆಯಬಾರದು. ಸೀಸಕ್ಕೆ ಸಿಗುವ ಬೆಲೆ ಪ್ರಾಣದ ಬೆಲೆಗೆ ಸಮವಲ್ಲ.

(ಉ) ಗುತ್ತಿಗೆದಾರರು: ಬೆಸುಗೆ ಪರೀಕ್ಷೆಗೆ ಬರುವ ತಂಡದವರು ಕೆಲಸ ಮುಗಿಸಿದ ನಂತರ, ಮೂಲವು ಪೆಟ್ಟಿಗೆಯೊಳಗೆ ಮರಳಿದೆಯೇ ಎಂದು ಮಾಪನ ಯಂತ್ರದಿಂದ ಪರೀಕ್ಷಿಸಬೇಕು. ಅದನ್ನು ಖಚಿತಪಡಿಸಿಕೊಳ್ಳದೆ ಇತರ ಕೆಲಸಗಾರರನ್ನು ಸ್ಥಳಕ್ಕೆ ಬಿಡತಕ್ಕದ್ದಲ್ಲ. ಯನಾಂಗೊದ ಕೆಲಸಗಾರನ ಕಾಲನ್ನು ಈ ಒಂದು ಪರೀಕ್ಷೆಯಿಂದ ಉಳಿಸಬಹುದಾಗಿತ್ತು.

12. ಭಯ ಬೇಡ, ಮುಚ್ಚಿಡುವುದೂ ಬೇಡ

ವಸ್ತು ತಮ್ಮ ಅಂಗಡಿಯಲ್ಲಿ ಸಿಕ್ಕಿತೆಂದು ತಿಳಿದರೆ ಪೊಲೀಸರ ಕಾಟ, ವ್ಯಾಪಾರ ನಷ್ಟ, ನೆರೆಹೊರೆಯವರ ದೂಷಣೆ ಎದುರಾಗಬಹುದೆಂಬ ಅಳುಕು ವ್ಯಾಪಾರಿಗಳಲ್ಲಿ ಇರುವುದು ಸಹಜ. ಕೂಲಿಯವರಿಗೆ ಕೆಲಸ ಹೋದೀತೆಂಬ ಭಯವಿರುತ್ತದೆ. ಆದರೆ ಅರಿಯದೆ ಕೊಂಡವರು ಕೂಡಲೇ ತಿಳಿಸಿದರೆ ಮೊದಲು ಉಳಿಯುವುದು ಅವರದೇ ಪ್ರಾಣ. ಮುಚ್ಚಿಟ್ಟರೆ ಅಂಗಡಿಯಲ್ಲಿ ದುಡಿಯುವ ಮಕ್ಕಳೂ, ಪಕ್ಕದ ಮನೆಯವರೂ ಅದರ ಫಲ ಅನುಭವಿಸಬೇಕಾಗುತ್ತದೆ. ಮಾಯಾಪುರಿಯಲ್ಲಿ ಬಾಧೆಗೊಳಗಾದವರು ತಪ್ಪಿತಸ್ಥರಾಗಿರಲಿಲ್ಲ. ಅವರು ಹಣ ಕೊಟ್ಟು ಹರಾಜಿನ ಸರಕು ಕೊಂಡಿದ್ದರು. ಒಳಗೇನಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮೂಲವೊಂದು ಕೈತಪ್ಪಿದಾಗ ಅದನ್ನು ಹುಡುಕಲು ಯಂತ್ರಗಳಿವೆ, ತಜ್ಞರಿದ್ದಾರೆ. ಆದರೆ ಅವರನ್ನು ಕರೆಯುವ ಮೊದಲ ಮಾತು ಅದನ್ನು ಕಂಡವರಿಂದಲೇ ಬರಬೇಕು. ಆದುದರಿಂದ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಸಾರ್ವಜನಿಕರು ಮೇಲ್ಕಂಡ ಮಾಹಿತಿಯನ್ನು ತಮ್ಮ ಮನೆಯವರಿಗೂ, ಪರ ಊರುಗಳಲ್ಲಿ ದುಡಿಯುತ್ತಿರುವ ಬಂಧುಗಳಿಗೂ ತಿಳಿಸಿ ಸಹಕರಿಸಬೇಕೆಂದು ಕೋರಲಾಗಿದೆ.